ಮಹಡಿಗಳ ಬುಡದ ನೆಲ

ಮಲೆನಾಡಿನ ಪಟ್ಟಣಗಳಲ್ಲಿ ನಾಲ್ಕೈದು ಅಂತಸ್ತಿನ ವಸತಿ ಸಮುಚ್ಚಯಗಳು ಏಳುವಾಗ ಪರಿಸರಾಸಕ್ತರು ಮೊದಲು ಆಕ್ಷೇಪಿಸುವುದು ಅವುಗಳ ಎತ್ತರವನ್ನು. ಗುಡ್ಡದ ಸಾಲು ಮರೆಯಾಯಿತೆಂಬುದು ದೂರು. ಎತ್ತರ ಅಷ್ಟು ದೊಡ್ಡ ಅಪರಾಧವೇನಲ್ಲ. ಹತ್ತು ಗುಂಟೆ ನೆಲದಲ್ಲಿ ಹದಿನಾರು ಕುಟುಂಬಗಳು ನೆಲೆಸಿದರೆ, ಅಷ್ಟು ಮನೆಗಳ ನಿವೇಶನಕ್ಕಾಗಿ ಊರಂಚಿನ ಗದ್ದೆಯೋ ಬೇಣವೋ ಬಡಾವಣೆಯಾಗುವುದು ತಪ್ಪುತ್ತದೆ. ನಿಜವಾಗಿ ಪರಿಶೀಲನೆಗೆ ಒಳಗಾಗಬೇಕಾದುದು ಕಟ್ಟಡ ಬೀದಿಯನ್ನು ಮುಟ್ಟುವ ಕೆಳಗಿನ ಅಂತಸ್ತು.

ಆ ಅಂತಸ್ತಿನಲ್ಲಿ ಇಂದು ಸಾಮಾನ್ಯವಾಗಿ ಕಾಣುವುದು ಕಂಬಗಳು, ಕಾರುಗಳು, ಆಳೆತ್ತರದ ಆವರಣ ಗೋಡೆ, ಒಂದು ಕಬ್ಬಿಣದ ಗೇಟು. ಇದಕ್ಕೆ ಕಾರಣ ಗುತ್ತಿಗೆದಾರರ ಅಭಿರುಚಿಯಷ್ಟೇ ಅಲ್ಲ. ವಾಹನ ನಿಲುಗಡೆಗೆ ಇಂತಿಷ್ಟು ಜಾಗ ಬಿಡಲೇಬೇಕೆಂದು ನಿಯಮಗಳು ವಿಧಿಸುತ್ತವೆ; ಹಾಗೆ ಬಿಟ್ಟ ನೆಲ ಅನೇಕ ಊರುಗಳಲ್ಲಿ ಕಟ್ಟಡದ ವಿಸ್ತೀರ್ಣ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಇಡೀ ನೆಲವನ್ನು ಕಾರಿಗೆ ಒಪ್ಪಿಸುವುದೇ ಲಾಭದ ದಾರಿಯಾಗಿದೆ.

ಇದರ ಮೊದಲ ಪರಿಣಾಮ ನೀರಿನ ಮೇಲೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಗುಂಟೆಯೆಂದರೆ ಹೆಚ್ಚುಕಡಿಮೆ 1000 ಚದರ ಮೀಟರ್. ವರ್ಷಕ್ಕೆ 2500 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಆ ನಿವೇಶನದ ಮೇಲೆ ಬೀಳುವುದು 25 ಲಕ್ಷ ಲೀಟರ್. ಆಷಾಢದ ಒಂದೇ ದಿನ 100 ಮಿ.ಮೀ. ಹೊಯ್ದರೆ ಒಂದು ಲಕ್ಷ ಲೀಟರ್. ಹಿಂದೆ ಇದರಲ್ಲಿ ಸಾಕಷ್ಟು ಪಾಲು ಹಿತ್ತಲಿನ ಮಣ್ಣಿನಲ್ಲಿ ಇಂಗಿ ಕೆಳಮನೆಗಳ ಬಾವಿಯ ಒರತೆಯಾಗುತ್ತಿತ್ತು. ಅಂಚಿನಿಂದ ಅಂಚಿಗೆ ಕಾಂಕ್ರೀಟು ಹಾಸಿದ ಮೇಲೆ ಬಹುಪಾಲು ಒಮ್ಮೆಲೇ ಬೀದಿಗೆ ಧುಮುಕುತ್ತದೆ. ಬೀದಿಯಲ್ಲಾದರೂ ಅದಕ್ಕೆ ದಾರಿಯುಂಟೇ? ಕಾರು ಹತ್ತಿಸಲು ಕಟ್ಟಿದ ಇಳಿಜಾರು ಹಾಸು ಚರಂಡಿಯನ್ನು ಮುಚ್ಚಿರುತ್ತದೆ, ಇಲ್ಲವೇ ಅಂಗೈ ಅಗಲದ ಕೊಳವೆಗೆ ಇಳಿಸಿರುತ್ತದೆ. ಕೆಳಗಿನ ಓಣಿಯವರು ಮಳೆಗಾಲದಲ್ಲಿ ನೀರು ಹೊರಹಾಕುತ್ತ, ಬೇಸಿಗೆಯಲ್ಲಿ ಬಾವಿ ಬತ್ತಿತೆಂದು ಟ್ಯಾಂಕರಿಗೆ ಕಾಯುತ್ತ ಇರಬೇಕಾಗುತ್ತದೆ.

ಇಳಿಜಾರಿನಲ್ಲಿ ವಿಷಯ ಇನ್ನೂ ಗಂಭೀರ. ಕಾರುಗಳಿಗೆ ಸಮತಟ್ಟು ನೆಲ ಬೇಕು. ಅದಕ್ಕಾಗಿ ರಸ್ತೆಯ ಮಟ್ಟಕ್ಕೆ ಗುಡ್ಡವನ್ನು ಲಂಬವಾಗಿ ಕಡಿಯಲಾಗುತ್ತದೆ. ಮೇಲಿನ ಜಂಬಿಟ್ಟಿಗೆ ಗಟ್ಟಿಯಾಗಿ ಕಂಡರೂ ಅದರಡಿಯ ಶೇಡಿಮಣ್ಣು ನೀರುಂಡಾಗ ಬಲಗುಂದಿ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಕುಸಿದ ಇಳಿಜಾರುಗಳ ಪೈಕಿ ರಸ್ತೆಗಾಗಿ, ಮನೆಗಾಗಿ ಬುಡ ಕಡಿದವೂ ಅನೇಕವಿದ್ದವು. ತಡೆಗೋಡೆ ಕಟ್ಟಿದ್ದೇವಲ್ಲ ಎಂಬ ಸಮಾಧಾನವೂ ಸಾಲದು. ಹಿಂದಿನ ನೀರು ಬಸಿದುಹೋಗುವ ಕಿಂಡಿಗಳಿಲ್ಲದ ಗೋಡೆ ಧರೆಯ ಭಾರದ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ. ಇಳಿಜಾರನ್ನು ಅನುಸರಿಸಿ ಮೆಟ್ಟಿಲು ಮೆಟ್ಟಿಲಾಗಿ ನೆಲ ರೂಪಿಸಿದರೆ ಕಡಿಯುವ ಮಣ್ಣು ಎಷ್ಟೋ ಕಡಿಮೆ. ತೋಟ, ಗದ್ದೆಗಳನ್ನು ಹಾಗೆಯೇ ಮಾಡಿಕೊಂಡು ಬಂದ ಜನಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಕೇವಲ ಕಂಬಗಳ ಮೇಲೆ ನಿಂತ ಅಂತಸ್ತಿಗೆ ಬೇರೊಂದು ದೌರ್ಬಲ್ಯವೂ ಉಂಟು. 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ನಡುಗಿದಾಗ ಇನ್ನೂರು ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕೆಳಗೆ ಕಾರು, ಮೇಲೆ ಗೋಡೆಗಳ ಭಾರವಿದ್ದ ವಸತಿ ಕಟ್ಟಡಗಳು ನೆಲಕಚ್ಚಿದವು. ಮಲೆನಾಡಿಗೆ ಕಛ್‌ನಷ್ಟು ಭೂಕಂಪದ ಭೀತಿಯಿಲ್ಲ. ಆದರೂ ಕೆಳ ಅಂತಸ್ತಿನಲ್ಲಿ ಕೆಲವು ಗೋಡೆಗಳಾದರೂ ಇರಬೇಕೆಂಬುದಕ್ಕೆ ಅದು ಸಾಕಷ್ಟು ದುಬಾರಿಯ ಪಾಠ.

ಗೋಡೆಗಳಿದ್ದರೆ ಅಲ್ಲಿ ಮನುಷ್ಯರೂ ಇರಬಹುದು. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ನಗರಗಳ ಕುರಿತು ಬರೆದ ಪುಸ್ತಕದಲ್ಲಿ, ಬೀದಿಗೆ ಮುಖಮಾಡಿದ ಕಿಟಕಿ, ಅಂಗಡಿಗಳಲ್ಲಿರುವ ಜನರ ಗಮನವೇ ಬೀದಿಯ ಸುರಕ್ಷತೆಗೆ ಆಧಾರವೆಂದು ವಾದಿಸಿದರು. ಇಲ್ಲಿನ ಹಳೆಯ ಮನೆಗಳ ಜಗಲಿ ಮಾಡುತ್ತಿದ್ದ ಕೆಲಸವೂ ಅದೇ. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕುಳಿತ ಹಿರಿಯರಿಗೆ ದಾರಿಹೋಕರೆಲ್ಲರ ಸುದ್ದಿ ಬೇಕಾಗಿತ್ತು (ತುಸು ಅತಿಯೇ ಆಗುತ್ತಿತ್ತೆನ್ನಿ!). ಜಡಿಮಳೆಗೆ ಸಿಕ್ಕಿದವರಿಗೆ ಸೂರಿನಡಿ ನಿಲ್ಲಲು ಅಪ್ಪಣೆ ಬೇಕಿರಲಿಲ್ಲ. ಈಗ ಆಳೆತ್ತರದ ಗೋಡೆಯ ಪಕ್ಕದಲ್ಲಿ ಸಂಜೆಯ ಬಸ್ಸಿಳಿದು ನಡೆಯುವ ವಿದ್ಯಾರ್ಥಿನಿಗೆ ಒಂದು ಕಿಟಕಿಯ ಬೆಳಕೂ ಸಿಗುವುದಿಲ್ಲ.

ಹಳ್ಳಿಯ ಮನೆ ಮಾರಿ ಮಕ್ಕಳ ಜೊತೆ ಮೂರನೆಯ ಮಹಡಿ ಸೇರಿದ ವೃದ್ಧರಿಗಂತೂ ಕೆಳಗಿಳಿದರೆ ಕೂರಲು ತಾಣವಿಲ್ಲ. ಕಾರುಗಳನ್ನು ಹಿಂಬದಿಗೆ ಸರಿಸಿ, ಬೀದಿಯ ಬದಿಗೆ ಒಂದೆರಡು ಸಣ್ಣ ಅಂಗಡಿ, ಅಗಲ ಸೂರಿನ ಒಂದು ಜಗಲಿ, ಸೊಂಟದೆತ್ತರಕ್ಕೆ ಮೀರದ ಗೋಡೆ, ಕಾಂಕ್ರೀಟು ಕಾಣದ ಒಂದು ಪಟ್ಟಿ ಮಣ್ಣು ಉಳಿಸಿದರೆ ಕಟ್ಟುವವರಿಗೆ ತಗಲುವ ಹೆಚ್ಚುವರಿ ವೆಚ್ಚ ಅಲ್ಪ. ಹೋಗುವುದು ಎರಡು ಮೂರು ಕಾರುಗಳ ಜಾಗ ಮಾತ್ರ.

ಕಟ್ಟಡದ ನಕ್ಷೆಗೆ ಅನುಮತಿ ನೀಡುವುದು ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಸಲ್ಲಿಸಿ ಮಂಜೂರಾದ ನಕ್ಷೆಯ ಪ್ರತಿಯನ್ನು ಯಾವ ನಾಗರಿಕನೂ ಕೋರಬಹುದು. ಕಾಲೇಜಿನ ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ತಮ್ಮ ಬೀದಿಯ ಒಂದು ಕಟ್ಟಡವನ್ನು ಆ ನಕ್ಷೆಯೊಡನೆ ಹೋಲಿಸಲಿ: ಬಿಡಬೇಕಾದ ತೆರವು ಬಿಟ್ಟಿದೆಯೇ, ಚರಂಡಿ ತೆರೆದಿದೆಯೇ, ಮಳೆನೀರಿನ ಇಂಗುಗುಂಡಿ ಕಾಗದದ ಮೇಲಷ್ಟೇ ಇದೆಯೇ, ಶೌಚಗುಂಡಿಗೂ ನೆರೆಯವರ ಬಾವಿಗೂ ಎಷ್ಟು ಅಂತರ. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡಿ ಬರೆದಿಟ್ಟ ಟಿಪ್ಪಣಿಯನ್ನು ವಾರ್ಡಿನ ಸದಸ್ಯರ ಮುಂದಿಟ್ಟರೆ, ಮುಂದಿನ ಕಟ್ಟಡದ ಅರ್ಜಿ ಬಂದಾಗ ಅವರು ಕೇಳಬೇಕಾದ ಪ್ರಶ್ನೆಗಳು ಅವರ ಕೈಯಲ್ಲಿರುತ್ತವೆ.