ಹೊಕ್ಕುಳ ಸುತ್ತಲಿನ ಹದಿನಾಲ್ಕು ಸೂಜಿ



ಚಳ್ಳಕೆರೆಯಿಂದ ಮೊಳಕಾಲ್ಮುರಿನ ಕಡೆಗೆ ಹೋಗುವ ದಾರಿಯಲ್ಲಿರುವ ಹಳ್ಳಿಯೊಂದಕ್ಕೆ, ನೆಂಟರ ಮನೆಗೆ ಲಗ್ನಪತ್ರಿಕೆ ಕೊಡುವ ನಿಮಿತ್ತ ಈಚೆಗೆ ಹೋಗಿದ್ದೆವು. ಅಂದು ಬೆಳಿಗ್ಗೆಯಷ್ಟೇ ಆ ಮನೆಯ ಹುಡುಗನ ಮೀನಖಂಡಕ್ಕೆ ಬೀದಿನಾಯಿ ಬಾಯಿ ಹಾಕಿತ್ತು. ಗಾಯಕ್ಕೆ ಸುಣ್ಣ ಮೆತ್ತಿದ್ದರು. ಆಸ್ಪತ್ರೆಯ ಮಾತೆತ್ತಿದೊಡನೆ ಎಂಬತ್ತು ದಾಟಿದ ಅಜ್ಜಿಯವರು ಅಡ್ಡ ನಿಂತರು. “ಬ್ಯಾಡಪ್ಪ, ನಮ್ಮ ಮೈದುನ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡ. ನಾಯಿಯಿಂದ ಏನೂ ಆಗಲಿಲ್ಲ, ಸೂಜಿಯಿಂದ ಕಾಲು ಬಿದ್ದು ಹೋದವು” ಎಂದರು.

ಕಿರಿಯರು ಅದನ್ನು ಮೂಢನಂಬಿಕೆಯೆಂದು ನಕ್ಕರು. ನಮಗೆ ನಗಲಾಗಲಿಲ್ಲ. ಏಕೆಂದರೆ ಅಜ್ಜಿಯವರು ಹೇಳಿದಂಥದ್ದು ನಡೆಯುತ್ತಿದ್ದುದು ನಿಜ.

ನಮ್ಮ ನರತಂತುಗಳಲ್ಲಿ ಹಲವು ಬರಿಮೈಯಲ್ಲಿರುವುದಿಲ್ಲ. ಮೊಳಕಾಲ್ಮುರಿನ ಸೀರೆಯ ಸೆರಗಿನಲ್ಲಿ ಹೊಳೆಯುವ ಜರಿಯನ್ನು ಬಿಡಿಸಿ ನೋಡಿದವರಿಗೆ ಗೊತ್ತು: ಒಳಗೆ ಒಂದು ನೂಲಿನ ಎಳೆ, ಅದರ ಮೇಲೆ ಸುತ್ತಿದ ತೆಳುವಾದ ಲೋಹದ ತಂತಿ. ನರತಂತುವಿನ ಮೇಲೂ ಹಾಗೆಯೇ ಪದರ ಪದರವಾಗಿ ಸುತ್ತಿಕೊಂಡ ಬಿಳಿಯ ಹೊದಿಕೆಯೊಂದಿದೆ. ಅದಕ್ಕೆ ಮೈಲಿನ್ ಎಂದು ಹೆಸರು. ಜರಿಯಂತೆ ಅದು ಉದ್ದಕ್ಕೂ ಒಂದೇ ಸಮನೆ ಇರುವುದಿಲ್ಲ. ನಡುನಡುವೆ ಸಣ್ಣ ತೆರಪುಗಳಿವೆ. ನರದ ಸಂದೇಶವು ತೆರಪಿನಿಂದ ತೆರಪಿಗೆ ಜಿಗಿಯುತ್ತ ಸಾಗುವುದರಿಂದಲೇ ಸೆಕೆಂಡಿಗೆ ನೂರು ಮೀಟರಿನವರೆಗೂ ವೇಗ ಪಡೆಯುತ್ತದೆ. ಹೊದಿಕೆಯಿಲ್ಲದ ತೆಳು ನರಗಳಲ್ಲಿ ಅದು ಸೆಕೆಂಡಿಗೆ ಒಂದೆರಡು ಮೀಟರು ಮಾತ್ರ.

ನೀರಿನಂಶವನ್ನು ಬಿಟ್ಟರೆ ಈ ಹೊದಿಕೆಯ ಸುಮಾರು ಮುಕ್ಕಾಲು ಭಾಗ ಕೊಬ್ಬು, ಉಳಿದುದು ಪ್ರೋಟೀನು. ಪ್ರಮಾಣ ಕಡಿಮೆಯಾದರೂ ಪದರಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ ಕೆಲಸ ಪ್ರೋಟೀನುಗಳದು. ಮೆದುಳು ಮತ್ತು ಬೆನ್ನುಹುರಿಗಳಲ್ಲಿ ಹೀಗೆ ಅಂಟಿನಂತೆ ವರ್ತಿಸುವ ಮುಖ್ಯ ಪ್ರೋಟೀನಿಗೆ ಮೈಲಿನ್ ಬೇಸಿಕ್ ಪ್ರೋಟೀನ್ ಎನ್ನುತ್ತಾರೆ. ಅಜ್ಜಿಯವರ ಮೈದುನನ ಕಥೆಗೆ ಬೇಕಾದುದು ಇದೇ.

ಹುಚ್ಚುನಾಯಿ ರೋಗಕ್ಕೆ ಲೂಯಿ ಪಾಸ್ಚರ್ ಅವರು 1885ರಲ್ಲಿ ಮೊದಲು ಲಸಿಕೆ ಕೊಟ್ಟಾಗ ಬಳಸಿದ್ದು ಮೊಲದ ಬೆನ್ನುಹುರಿಯನ್ನು. 1911ರಲ್ಲಿ ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ವೈದ್ಯಾಧಿಕಾರಿ ಅದನ್ನು ಸುಲಭಗೊಳಿಸಿದರು. ಪ್ರಾಣಿಯ ಮೆದುಳಿನಲ್ಲಿ ವೈರಾಣುವನ್ನು ಬೆಳೆಸಿ, ಆ ಮೆದುಳನ್ನೇ ಅರೆದು, ಫೀನಾಲಿನಿಂದ ವೈರಾಣುವನ್ನು ಸಾಯಿಸಿ ಸಿದ್ಧಪಡಿಸುತ್ತಿದ್ದ ಲಸಿಕೆ ಅದು. ನಮ್ಮ ದೇಶದಲ್ಲಿ ಇದಕ್ಕೆ ಬಳಕೆಯಾದುದು ಹೆಚ್ಚಾಗಿ ಕುರಿಯ ಮೆದುಳು. ಕುರಿ, ಕಂಬಳಿಗಳಿಗೆ ಹೆಸರಾದ ಚಳ್ಳಕೆರೆ ಸೀಮೆಯವರಿಗೂ ಇದು ತಿಳಿದಿರಲಿಲ್ಲ. ನಮ್ಮ ಶಾಕಾಹಾರಿ ಮನೆಗಳ ಹಿರಿಯರಲ್ಲಿ ಎಷ್ಟು ಮಂದಿಗೆ ತಮ್ಮ ಹೊಟ್ಟೆಗೆ ಚುಚ್ಚಿದ್ದು ಏನೆಂದು ಯಾರಾದರೂ ಹೇಳಿದ್ದರೋ! ಹೇಳಿದ್ದರೂ ಪ್ರಾಣದ ಮುಂದೆ ಬೇರೆ ದಾರಿಯಿರಲಿಲ್ಲವೆನ್ನಿ. ರೇಬೀಸ್ ಒಮ್ಮೆ ತಲೆದೋರಿತೆಂದರೆ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ಆ ಲಸಿಕೆಯಿಂದ ಬದುಕಿದವರು ಅಸಂಖ್ಯ.

ಆದರೆ ಅರೆದ ಮೆದುಳಿನೊಡನೆ ಕುರಿಯ ಮೈಲಿನ್ ಕೂಡ ಒಳಗೆ ಹೋಗುತ್ತಿತ್ತು. ದಿನದಿನವೂ ಚುಚ್ಚಿದಾಗ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯು ವೈರಾಣುವಿನ ಜೊತೆಗೆ ಅದನ್ನೂ ಶತ್ರುವೆಂದು ಗುರುತು ಹಿಡಿಯುತ್ತಿತ್ತು. ಕುರಿಯ ಮೈಲಿನ್ ಪ್ರೋಟೀನಿಗೂ ಮನುಷ್ಯನದಕ್ಕೂ ಹೋಲಿಕೆ ಬಹಳ. ಹೀಗಾಗಿ ಕೆಲವರಲ್ಲಿ ಆ ಕಾವಲು ಪಡೆಯು ತನ್ನದೇ ಮನೆಯ ನರಗಳ ಹೊದಿಕೆಯನ್ನು ಹರಿಯತೊಡಗುತ್ತಿತ್ತು. ಸೂಜಿ ಆರಂಭಿಸಿದ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಕಾಲುಗಳಲ್ಲಿ ಬಲಹೀನತೆ, ಮೂತ್ರ ಕಟ್ಟುವುದು ಕಾಣಿಸುತ್ತಿದ್ದವು. ಹಲವರು ಚೇತರಿಸಿಕೊಂಡರು, ಏಕೆಂದರೆ ಮೈಲಿನ್ ಒಂದು ಮಟ್ಟಿಗೆ ಮತ್ತೆ ಬೆಳೆಯಬಲ್ಲದು. ಕೆಲವರು ಏಳಲೇ ಇಲ್ಲ, ಸತ್ತವರೂ ಉಂಟು.

ದೋಷವು ಸತ್ತ ವೈರಾಣುವಿನದೇ ಇರಬೇಕೆಂಬ ಶಂಕೆ ಬಹುಕಾಲ ಇತ್ತು. 1933ರಲ್ಲಿ ಅಮೆರಿಕದ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ವೈರಾಣುವೇ ಇಲ್ಲದ ಮೊಲದ ಮೆದುಳನ್ನು ಕೋತಿಗಳಿಗೆ ಪದೇ ಪದೇ ಚುಚ್ಚಿ, ಅವುಗಳಲ್ಲಿ ಕೆಲವಕ್ಕೆ ಅದೇ ಬಗೆಯ ಲಕ್ವ ಬಂದುದನ್ನು ತೋರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೆದುಳಿನ ಲಸಿಕೆಯಿಂದ ನರರೋಗಕ್ಕೆ ತುತ್ತಾದವರ ಅಧ್ಯಯನವನ್ನು 1984ರಲ್ಲಿ ಪ್ರಕಟಿಸಿದರು. 1987ರಲ್ಲಿ ಥಾಯ್‌ಲೆಂಡ್ ಮತ್ತು ಅಮೆರಿಕದ ವೈದ್ಯರು, ಸೆಂಪಲ್ ಲಸಿಕೆಯಿಂದ ನರರೋಗಕ್ಕೆ ಈಡಾದವರ ದೇಹದಲ್ಲಿ ಮೈಲಿನ್ ಬೇಸಿಕ್ ಪ್ರೋಟೀನಿನ ವಿರುದ್ಧವೇ ಪ್ರತಿಕಾಯಗಳು ಹುಟ್ಟಿರುವುದನ್ನು ಕಂಡುಹಿಡಿದರು. ಕೋತಿಗಳ ಆ ಪ್ರಯೋಗದಿಂದ ಮುಂದೆ ಒಂದು ಉಪಕಾರವೂ ಆಯಿತು: ದೇಹವೇ ತನ್ನ ಮೈಲಿನ್ ಮೇಲೆ ಬೀಳುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದ ಸಂಶೋಧನೆಗೆ ಅದು ಅಡಿಗಲ್ಲಾಯಿತು.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ದೇಶದಲ್ಲಿ ಕುರಿಯ ಮೆದುಳಿನ ಲಸಿಕೆ ನಿಂತದ್ದು 2004ರ ಕೊನೆಯ ಹೊತ್ತಿಗೆ. ಅಗ್ಗವೆಂಬ ಕಾರಣಕ್ಕೆ ಬಡವರ ಪಾಲಿಗೆ ಅದೇ ಉಳಿದಿತ್ತು. ಈ ವಿಳಂಬವನ್ನು ನಾವು ಕ್ಷಮಿಸಲಾರೆವು.

ಈಗಿನ ಲಸಿಕೆಯನ್ನು ಬೆಳೆಸುವುದು ಪ್ರಯೋಗಶಾಲೆಯ ಜೀವಕೋಶಗಳಲ್ಲಿ. ಅದರಲ್ಲಿ ಮೆದುಳಿಲ್ಲ, ಮೈಲಿನ್ ಇಲ್ಲ. ಹೊಟ್ಟೆಗೂ ಚುಚ್ಚುವುದಿಲ್ಲ. ತೋಳಿನ ಸ್ನಾಯುವಿಗಾದರೆ ಮೊದಲ ಸೂಜಿಯ ದಿನ ಹಾಗೂ ಅದಾದ 3, 7, 14 ಮತ್ತು 28ನೆಯ ದಿನಗಳಂದು. ಚರ್ಮದೊಳಗೆ ಕೊಡುವುದಾದರೆ 14ನೆಯ ದಿನದ್ದು ಬೇಡ. ಗಾಯದಿಂದ ರಕ್ತ ಬಂದಿದ್ದರೆ ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನೂ ಹಾಕಿಸಬೇಕು. ಎಲ್ಲಕ್ಕೂ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯುವುದು. ಸುಣ್ಣ, ಮೆಣಸಿನಪುಡಿ ಕೂಡದು.

ಇದನ್ನೆಲ್ಲ ಅಜ್ಜಿಯವರ ಎದುರು ಕುಳಿತು ಹೇಳಿದೆವು. “ನೀವು ಕಂಡದ್ದು ಸುಳ್ಳಲ್ಲ, ಅವ್ವಾ. ಆ ಸೂಜಿ ಬೇರೆ, ಇದು ಬೇರೆ” ಎಂದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾವೇ ತಂಬಿಗೆಯಲ್ಲಿ ನೀರು ತಂದು ಮೊಮ್ಮಗನ ಕಾಲಿನ ಸುಣ್ಣ ತೊಳೆದರು. ಸಂಜೆಯೊಳಗೆ ಹುಡುಗನಿಗೆ ಮೊದಲ ಸೂಜಿಯಾಯಿತು. ಮರಳಿ ಬಂದವನನ್ನು ಅಜ್ಜಿಯವರು ಹತ್ತಿರ ಕರೆದು, ಅಂಗಿ ಎತ್ತಿ ಮೊದಲು ಹೊಟ್ಟೆಯನ್ನೇ ನೋಡಿದರು.