ಎರಡನೆಯ ದಾರಿಯನ್ನು ಮೊದಲೇ ನೋಡಿಡಬೇಕು

ಕರಿಘಟ್ಟದ ಆಸುಪಾಸಿನ ಹಳ್ಳಿಗಳಿಂದ ಹಿಡಿದು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೆಗೆ, ಡಾಕ್ಟರ್ ಮತ್ತು ಎಂಜಿನಿಯರ್ ಎಂಬ ಎರಡೇ ಪದಗಳನ್ನು ಜಪಿಸುತ್ತಿದ್ದ ಮನೆಗಳಲ್ಲಿ ಈಗ ವಕೀಲಿಕೆಯ ಮಾತೂ ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಮಾತಿನ ಬೆನ್ನಿಗೇ ಏಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಏಳಗೊಡುವುದಿಲ್ಲ. ಹಾಕಿದ ಅರ್ಜಿಗೆ ಸೀಟು ಸಿಗದಿದ್ದರೆ ಮುಂದೇನು? ಹೀಗೆ ಕೇಳುವುದೇ ಅಪಶಕುನವೆಂದು ಬಗೆದು, “ಬಿಡ್ತು ಅನ್ನು” ಎಂದು ಮಕ್ಕಳ ಬಾಯಿ ಮುಚ್ಚಿಸುವ ತಂದೆತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಈ ಮನೋಭಾವದಿಂದ ಹಾನಿಯೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಐದು ವರ್ಷದ ವ್ಯಾಸಂಗ ಆರಂಭವಾದದ್ದು 1988ರಲ್ಲಿ. ಅದರ ಮಾದರಿಯಲ್ಲಿ ದೇಶದಾದ್ಯಂತ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಬಹುಪಾಲು ಸಂಸ್ಥೆಗಳ ಪ್ರವೇಶಕ್ಕೆ 2008ರಿಂದ ‘ಕ್ಲಾಟ್’ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಪರೀಕ್ಷೆಗೆ ಕೂರುವವರು ಐವತ್ತು ಸಾವಿರಕ್ಕೂ ಹೆಚ್ಚು. ಸೀಟುಗಳು ಕೆಲವೇ ಸಾವಿರ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಉಳಿದವರಿಗಿಂತ ಹಿಂದಿನ ಗೆರೆಯಿಂದ ಓಟ ಆರಂಭಿಸಬೇಕಾಗಿದೆ. ಹೀಗಿರುವಾಗ ಬಹುಪಾಲು ಅಭ್ಯರ್ಥಿಗಳಿಗೆ ಸೀಟು ಸಿಗದೆಂಬುದು ಯಾರ ಶಾಪವೂ ಅಲ್ಲ, ಬರಿಯ ಲೆಕ್ಕ. ಅದನ್ನು ಮಗುವಿನ ಯೋಗ್ಯತೆಯ ಮೇಲೆ ಬಂದ ತೀರ್ಪೆಂದು ಓದುವುದು ಅನ್ಯಾಯ.

ನಮ್ಮ ರೈತರಿಗೆ ಈ ವಿವೇಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಕೃಷ್ಣರಾಜಸಾಗರ ತುಂಬಲಿಲ್ಲ. ನಾಲೆಯ ನೀರನ್ನೇ ನೆಚ್ಚಿ ಭತ್ತವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡವನು ಆ ವರ್ಷ ಕಂಗಾಲಾದ. ಮನೆಯಲ್ಲಿ ರಾಗಿ ಬೀಜವನ್ನೂ ತೆಗೆದಿಟ್ಟಿದ್ದವನಿಗೆ ಮಾಡಲು ಒಂದು ಕೆಲಸವಿತ್ತು. ರಾಗಿ ಬೀಜ ಕಟ್ಟಿಟ್ಟವನಿಗೆ ಭತ್ತದ ಮೇಲೆ ನಂಬಿಕೆಯಿಲ್ಲವೆಂದು ಯಾರಾದರೂ ಹೇಳುವರೇ? ತತ್ತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸರು ಮುಂದಾಲೋಚನೆಯನ್ನು ವಿವೇಕದ ಪ್ರಧಾನ ಅಂಗವೆಂದು ಪರಿಗಣಿಸಿದರು. ಅವರ ವಿಚಾರದಲ್ಲಿ ಭರವಸೆಗೆ ಇಬ್ಬರು ಶತ್ರುಗಳು: ಒಂದು ನಿರಾಶೆ, ಇನ್ನೊಂದು ಅತಿವಿಶ್ವಾಸ. ಎರಡನೆಯ ದಾರಿಯ ಮಾತೆತ್ತಬಾರದೆನ್ನುವವರು ನಿರಾಶೆಗೆ ಅಂಜಿ ಅತಿವಿಶ್ವಾಸದ ಕೈಗೆ ಮಕ್ಕಳನ್ನು ಒಪ್ಪಿಸುತ್ತಾರೆ.

ಇಲ್ಲಿ ಮಕ್ಕಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಬೇಕಾಗಿರುವುದು ವಕೀಲಿಕೆಯೋ, ಹೆಸರಾಂತ ಸಂಸ್ಥೆಯ ಮುದ್ರೆಯೋ? ಪಾಂಡವಪುರದ ಕಡೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅವರು ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಆ ಬಳಿಕ ಪುಣೆ ಮತ್ತು ಬೆಳಗಾವಿಯ ಕಾನೂನು ಕಾಲೇಜುಗಳಲ್ಲಿ. ಅವರ ಕಾಲದಲ್ಲಿ ರಾಷ್ಟ್ರೀಯ ಕಾನೂನು ಶಾಲೆಗಳೇ ಇರಲಿಲ್ಲ ಎಂಬುದು ನಿಜ. ಎಲ್ಲರೂ ಆ ಎತ್ತರಕ್ಕೆ ಏರುವುದಿಲ್ಲವೆಂಬುದೂ ನಿಜ. ಆದರೆ ಕಾನೂನಿನ ಬಾಗಿಲು ಒಂದೇ ಅಲ್ಲವೆಂಬುದಕ್ಕೆ ಈ ನೆಲದಲ್ಲೇ ಸಾಕ್ಷಿಯಿದೆ.

ಹಾಗಾದರೆ ಬೇರೆ ದಾರಿಗಳಾವುವು? ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ನಮಗೆ ಬಸ್ಸಿನ ದೂರದಲ್ಲಿವೆ. ಮೈಸೂರಿನ ಶಾರದಾ ವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್. ಕಾಲೇಜುಗಳು, ಮಂಡ್ಯದ ಪಿ.ಇ.ಎಸ್. ಕಾಲೇಜು ಎಲ್ಲರಿಗೂ ಪರಿಚಿತ. ಪಿಯುಸಿಯಲ್ಲಿ ಕನಿಷ್ಠ ಶೇಕಡಾ 45 ಅಂಕ ಗಳಿಸಿದವರು ಐದು ವರ್ಷದ ವ್ಯಾಸಂಗಕ್ಕೆ ಅರ್ಹರು, ಮೀಸಲಾತಿಯವರಿಗೆ ರಿಯಾಯಿತಿಯುಂಟು. ಅದೂ ಬೇಡವಾದರೆ ಬಿ.ಎ. ಅಥವಾ ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಸೇರಬಹುದು. ಪದವೀಧರರಿಗಾಗಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಿಂದ ಮೂರು ವರ್ಷದ ವ್ಯಾಸಂಗವನ್ನು ನಡೆಸುತ್ತಿದೆ. ಅಂದರೆ ಹದಿನೆಂಟರಲ್ಲಿ ಮುಚ್ಚಿದ ಅದೇ ಬಾಗಿಲನ್ನು ಇಪ್ಪತ್ತೊಂದರಲ್ಲಿ ಮತ್ತೆ ತಟ್ಟಬಹುದು. ಯಾವ ಕಾಲೇಜಿನಿಂದ ಬಂದರೂ ವಕೀಲರ ಪರಿಷತ್ತಿನ ನೋಂದಣಿ ಒಂದೇ, ಅಖಿಲ ಭಾರತ ವಕೀಲರ ಪರೀಕ್ಷೆಯೂ ಒಂದೇ.

ಕಾಲದ ಲೆಕ್ಕವನ್ನೂ ಗಮನಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಕ್ಲಾಟ್ ನಡೆಯುವುದು ಡಿಸೆಂಬರಿನಲ್ಲಿ. ದ್ವಿತೀಯ ಪಿಯುಸಿ ಪರೀಕ್ಷೆ ಅದರ ನಂತರ. ಕೋಚಿಂಗಿನ ಭರದಲ್ಲಿ ಪಿಯುಸಿ ಪುಸ್ತಕವನ್ನು ಮೂಲೆಗೆ ತಳ್ಳಿದ ಮಗು, ಡಿಸೆಂಬರಿನಲ್ಲಿ ಮನಸ್ಸು ಮುರಿದುಕೊಂಡು ಆ ಪರೀಕ್ಷೆಯನ್ನೂ ಕೆಡಿಸಿಕೊಂಡರೆ, ಮೈಸೂರಿನ ದಾರಿಯೂ ಕಿರಿದಾಗುತ್ತದೆ. ಮೊದಲನೆಯ ಸೋಲಿಗಿಂತ ಅದರ ನೆರಳಿನಲ್ಲಿ ಬರುವ ಈ ಎರಡನೆಯ ಸೋಲೇ ಹೆಚ್ಚು ಘೋರ. ಇನ್ನೊಂದು ವರ್ಷ ಪ್ರಯತ್ನಿಸುವುದು ತಪ್ಪಲ್ಲ. ಆದರೆ ಎಷ್ಟು ಅಂಕಕ್ಕೆ ಸೀಟು ತಪ್ಪಿತು, ಆ ಕೊರತೆ ಒಂದು ವರ್ಷದಲ್ಲಿ ತುಂಬೀತೇ, ವರ್ಷಕ್ಕೆ ಲಕ್ಷಗಳನ್ನು ಮುಟ್ಟುವ ಅಲ್ಲಿನ ಶುಲ್ಕಕ್ಕೆ ದಾರಿಯೇನು ಎಂಬುದನ್ನು ವಿಚಾರಿಸದೆ ಚಿನ್ನ ಅಡವಿಟ್ಟು ಮತ್ತೆ ಕೋಚಿಂಗಿಗೆ ಕಳಿಸುವುದು ಪ್ರಯತ್ನವಲ್ಲ, ಜೂಜು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಗಂಡುಮಗನಿಗೆ ಸೀಟು ಸಿಗದಿದ್ದರೆ ಬೇರೆ ಕಾಲೇಜು ಹುಡುಕುವ ಎಷ್ಟೋ ಮನೆಗಳಲ್ಲಿ ಮಗಳಿಗೆ ಸೀಟು ಸಿಗದಿದ್ದರೆ ವರನನ್ನು ಹುಡುಕುತ್ತಾರೆ. ಹಿರಿಯರು ಒಳಗೊಳಗೇ ಗೊತ್ತುಮಾಡಿಕೊಂಡ ಈ ‘ಎರಡನೆಯ ದಾರಿ’ ಅವಳಿಗೆ ತಿಳಿಯುವುದು ಫಲಿತಾಂಶದ ಮರುದಿನ. ಒಂದು ಪರೀಕ್ಷೆಯ ಅಂಕ ಅವಳ ಇಡೀ ಬಾಳನ್ನು ತೀರ್ಮಾನಿಸುವುದಾದರೆ ಅವಳು ಕುಳಿತದ್ದು ಪರೀಕ್ಷೆಗಲ್ಲ, ಪಣಕ್ಕೆ. ಅವಳಿಗೂ ಮೈಸೂರಿನ ಬಸ್ಸಿದೆ, ಮೂರು ವರ್ಷದ ಎಲ್‌ಎಲ್.ಬಿ. ಇದೆ ಎಂಬುದನ್ನು ತಂದೆತಾಯಂದಿರು ಮರೆಯಬಾರದು.

ನಮ್ಮ ತಾಲ್ಲೂಕುಗಳಿಗೆ ವಕೀಲರು ಬೇಕಾಗಿದ್ದಾರೆ ಎಂಬುದರಲ್ಲಿ ಎರಡು ಮಾತಿಲ್ಲ. ಪಾಲುಪಟ್ಟಿಯ ವ್ಯಾಜ್ಯಗಳು, ಖಾತೆ ಮತ್ತು ಪೋಡಿಯ ತಕರಾರುಗಳು, ಹೆದ್ದಾರಿಗೆ ಜಮೀನು ಕೊಟ್ಟವರ ಪರಿಹಾರದ ಅರ್ಜಿಗಳು ಇವೆಲ್ಲ ಜನರ ನುಡಿ ಬಲ್ಲ, ಜಮೀನಿನ ಮೇರೆ ಬಲ್ಲ ವಕೀಲರಿಗಾಗಿ ಕಾದಿವೆ. ಕಟಕಟೆಯ ಬಳಿ ನಡುಗುತ್ತ ನಿಂತ ರೈತನು ತನ್ನ ವಕೀಲರು ಯಾವ ಸಂಸ್ಥೆಯಲ್ಲಿ ಓದಿದರೆಂದು ಕೇಳುವುದಿಲ್ಲ. ತನ್ನ ಕಾಗದವನ್ನು ಸರಿಯಾಗಿ ಓದಿದರೇ ಎಂದು ಕೇಳುತ್ತಾನೆ.

ಆದ್ದರಿಂದ ಓದುಗ ಬಾಂಧವರಲ್ಲಿ ನಮ್ಮ ವಿನಂತಿಯಿಷ್ಟೆ. ಫಲಿತಾಂಶ ಬರುವ ಮುನ್ನವೇ, ಮನೆ ಶಾಂತವಾಗಿರುವಾಗ, ಒಂದು ಸಂಜೆ ಮಕ್ಕಳೊಡನೆ ಕುಳಿತುಕೊಳ್ಳಿ. ಎರಡನೆಯ ದಾರಿಯನ್ನೂ ಮೂರನೆಯದನ್ನೂ ಅವರ ಬಾಯಿಂದಲೇ ಹೇಳಿಸಿ. ಅರ್ಜಿಯ ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸೀಟು ಸಿಕ್ಕರೂ ಸಿಗದಿದ್ದರೂ ಈ ಮನೆಯಲ್ಲಿ ನಿನ್ನ ಸ್ಥಾನ ಬದಲಾಗದು ಎಂಬ ಮಾತನ್ನು ಮರೆಯದೆ ಆಡಿ. ಫಲಿತಾಂಶದ ನಂತರ ಆಡಿದರೆ ಅದು ಸಮಾಧಾನದ ಮಾತಷ್ಟೇ ಆಗುತ್ತದೆ. ಮೊದಲೇ ಆಡಿದರೆ ಮಗುವಿಗೆ ಬಲವಾಗುತ್ತದೆ.