ನಿಲ್ಲಿಸುವ ಶಕ್ತಿ

ಯುದ್ಧರಂಗದಲ್ಲಿ ನಿಷಿದ್ಧವೆನಿಸಿದ ಗುಂಡೊಂದು ನಗರದ ಬೀದಿಯಲ್ಲಿ ವಿಹಿತವೆನಿಸಿಕೊಂಡಿದೆ. ಶರೀರವನ್ನು ಹೊಕ್ಕೊಡನೆ ಹಿಗ್ಗಿ ಅಗಲವಾಗುವ ಗುಂಡನ್ನು ಶತ್ರುಸೈನಿಕನ ಮೇಲೆ ಹಾರಿಸಕೂಡದೆಂದು ೧೮೯೯ರ ಜುಲೈ ೨೯ರಂದು ಹೇಗ್ ನಗರದಲ್ಲಿ ರಾಷ್ಟ್ರಗಳು ಘೋಷಿಸಿದವು. ಅದೇ ಬಗೆಯ ಗುಂಡನ್ನು ಇಂದು ಅಮೆರಿಕದ ಪೊಲೀಸರು ಸೊಂಟದಲ್ಲಿಟ್ಟುಕೊಂಡು ತಮ್ಮ ನಾಗರಿಕರ ನಡುವೆ ಓಡಾಡುತ್ತಾರೆ. ಅಂಗಿಯ ಮರೆಯಲ್ಲಿ ಪಿಸ್ತೂಲನ್ನು ಅಡಗಿಸಿಕೊಂಡು ತಿರುಗುವ ಆ ದೇಶದ ಗೃಹಸ್ಥನೂ ಸಾಮಾನ್ಯವಾಗಿ ಅದನ್ನೇ ಆರಿಸಿಕೊಳ್ಳುತ್ತಾನೆ. ಶತ್ರುವಿಗೆ ಸಲ್ಲದುದು ಸ್ವಜನರಿಗೆ ಸಲ್ಲುವುದು ಹೇಗೆ?

ಸಾಹಿತ್ಯದ ಪುಟದಲ್ಲಿ ಪಿಸ್ತೂಲಿನ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣ ಇಷ್ಟೆ: ಯಾವ ಪಿಸ್ತೂಲು ಮೇಲು, ಯಾವ ಗುಂಡು ಮೇಲು ಎಂಬ ಚರ್ಚೆ ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದಿದೆ, ಅದು ನಡೆದದ್ದು ಲೋಹದ ಸುತ್ತ ಎನ್ನುವುದಕ್ಕಿಂತ ಒಂದು ಶಬ್ದದ ಸುತ್ತ ಎನ್ನುವುದೇ ಸರಿ. ಆ ಶಬ್ದ ‘ಸ್ಟಾಪಿಂಗ್ ಪವರ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ನಿಲ್ಲಿಸುವ ಶಕ್ತಿ’. ಶಬ್ದವೊಂದು ದಾರಿ ತಪ್ಪಿಸಿದರೆ ಏನಾಗುತ್ತದೆಂಬುದನ್ನು ತಿಳಿಯುವ ಹೊಣೆ, ಶಬ್ದವನ್ನೇ ನೆಚ್ಚಿ ಬಾಳುವ ನಮ್ಮಂಥವರಿಗೆ ಉಳಿದವರಿಗಿಂತ ಒಂದಿಷ್ಟು ಹೆಚ್ಚು.

ಈ ಕಲ್ಪನೆಯ ಮೂಲವನ್ನು ಹುಡುಕಿ ಹೊರಟರೆ ನಾವು ಬಂದು ನಿಲ್ಲುವುದು ನಮ್ಮ ದೇಶದಲ್ಲಿಯೆ. ಕಲ್ಕತ್ತೆಯ ಸಮೀಪದ ಡಂಡಂ ಎಂಬಲ್ಲಿ ಬ್ರಿಟಿಷರ ಶಸ್ತ್ರಾಗಾರವಿತ್ತು. ೧೮೯೦ರ ದಶಕದಲ್ಲಿ ಅಲ್ಲಿಯ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಬರ್ಟಿ-ಕ್ಲೇ ಬಂದೂಕಿನ ಗುಂಡಿನ ತುದಿಯಲ್ಲಿದ್ದ ಗಟ್ಟಿ ಕವಚವನ್ನು ತೆಗೆದು, ಒಳಗಿನ ಮೆತ್ತನೆಯ ಸೀಸವನ್ನು ಬಯಲಿಗೆ ಬಿಟ್ಟ. ಗುರಿಯನ್ನು ಹೊಕ್ಕಾಗ ಆ ಸೀಸ ಚಪ್ಪಟೆಯಾಗಿ ಹರಡುತ್ತಿತ್ತು. ವಾಯವ್ಯ ಗಡಿಯ ಬುಡಕಟ್ಟಿನವರ ಮೇಲೆ ಅದರ ಪ್ರಯೋಗವಾಯಿತು. ‘ಡಂಡಂ ಗುಂಡು’ ಎಂಬ ಮಾತು ಪ್ರಪಂಚದ ಹಲವು ಭಾಷೆಗಳನ್ನು ಸೇರಿತು. ಹೇಗ್ ಸಮ್ಮೇಳನದಲ್ಲಿ ಅದನ್ನು ನಿಷೇಧಿಸುವ ಪ್ರಸ್ತಾಪ ಬಂದಾಗ ಬ್ರಿಟನ್ನಿನ ಪರವಾಗಿ ಸರ್ ಜಾನ್ ಆರ್ಡಾ ವಿರೋಧಿಸಿದರು. ಅವರ ವಾದದ ಸಾರ ಇದು: ನಾಗರಿಕ ದೇಶದ ಸೈನಿಕನು ಗುಂಡೇಟು ಬಿದ್ದೊಡನೆ ತನಗೆ ಗಾಯವಾಯಿತೆಂದು ತಿಳಿದು ಹಿಂದೆ ಸರಿಯುತ್ತಾನೆ; ಅನಾಗರಿಕನಾದರೋ ಗಾಯಗೊಂಡ ಮೇಲೂ ಈಟಿಯನ್ನೋ ಕತ್ತಿಯನ್ನೋ ಹಿಡಿದು ಮುನ್ನುಗ್ಗುತ್ತಾನೆ; ಆದ್ದರಿಂದ ಅವನಿಗೆ ಬೇರೆ ಗುಂಡೇ ಬೇಕು. ಅಮೆರಿಕವೂ ನಿಷೇಧವನ್ನು ವಿರೋಧಿಸಿ ಘೋಷಣೆಯಿಂದ ಹೊರಗುಳಿಯಿತು. ಬ್ರಿಟನ್ ಅದಕ್ಕೆ ಒಪ್ಪಿಗೆಯಿತ್ತದ್ದು ೧೯೦೭ರಲ್ಲಿ.

ಅದೇ ಕಾಲಕ್ಕೆ ಅಮೆರಿಕದ ಸೈನ್ಯ ಫಿಲಿಪೀನ್ಸ್ ದ್ವೀಪಗಳಲ್ಲಿ ಮೋರೋ ಜನರೊಡನೆ ಕಾದಾಡುತ್ತಿತ್ತು. ಅಂಗುಲದ ನೂರರಲ್ಲಿ ೩೮ ಭಾಗ ವ್ಯಾಸದ್ದೆಂದು ಹೆಸರಾಗಿದ್ದ ಅವರ ರಿವಾಲ್ವರಿನ ಗುಂಡು ತಗುಲಿದರೂ ಮೋರೋ ಯೋಧರು ನಿಲ್ಲದೆ ಮೈಮೇಲೆ ಬರುತ್ತಾರೆಂಬ ದೂರು ಎದ್ದಿತು. ೧೯೦೪ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆ ಗುಂಡು ಹಾರಿಸಿ ನೋಡಿದರು; ಮನುಷ್ಯರ ಶವಗಳ ಮೇಲೂ ಪರೀಕ್ಷೆ ನಡೆಸಿದರು. ವ್ಯಾಸ ೪೫ಕ್ಕಿಂತ ಕಡಿಮೆಯಿರಬಾರದೆಂದು ಅವರು ಅಭಿಪ್ರಾಯಪಟ್ಟರು. ಜಾನ್ ಬ್ರೌನಿಂಗ್ ರೂಪಿಸಿದ ೪೫ರ ಪಿಸ್ತೂಲನ್ನು ಸೈನ್ಯ ೧೯೧೧ರಲ್ಲಿ ಅಂಗೀಕರಿಸಿದ ಕಥೆಗೆ ಇದೇ ಪೀಠಿಕೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ದೇಹದ ಬಹುಭಾಗದಲ್ಲಿ ಯಾವ ಪಿಸ್ತೂಲಿನ ಗುಂಡು ತಗುಲಿದರೂ ಮನುಷ್ಯ ತಟ್ಟನೆ ನಿಲ್ಲುವನೆಂಬ ಭರವಸೆಯಿಲ್ಲ, ಆದಕಾರಣ ಸೈನಿಕರಿಗೆ ಗುರಿಯ ಅಭ್ಯಾಸವನ್ನು ಎಡೆಬಿಡದೆ ಮಾಡಿಸತಕ್ಕದ್ದು ಎಂಬುದೇ ಆ ಮಾತು. ಲೋಕ ಮೊದಲಿನದನ್ನು ನೆನಪಿಟ್ಟುಕೊಂಡಿತು, ಎರಡನೆಯದನ್ನು ಮರೆಯಿತು. ಅಂಗಡಿಯಲ್ಲಿ ಕೊಳ್ಳಬಹುದಾದ ಗುಣ ಮನಸ್ಸಿಗೆ ಹತ್ತಿರ. ಬೆವರು ಸುರಿಸಿ ಗಳಿಸಬೇಕಾದ ಗುಣ ದೂರ.

‘ನಿಲ್ಲಿಸುವ ಶಕ್ತಿ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಯಾವುದು? ಗುಂಡು ಬಡಿದ ರಭಸಕ್ಕೆ ಮನುಷ್ಯನು ಹಾರಿ ಹಿಂದೆ ಬೀಳುವುದು. ಚಲಚ್ಚಿತ್ರಗಳು ಈ ಚಿತ್ರವನ್ನು ಪೋಷಿಸಿವೆ. ಪ್ರೌಢಶಾಲೆಯ ಭೌತಶಾಸ್ತ್ರವೇ ಇದನ್ನು ಸುಳ್ಳಾಗಿಸುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟಷ್ಟೆ. ಹೊಡೆಸಿಕೊಂಡವನನ್ನು ಕೆಡಹುವಷ್ಟು ನೂಕು ಗುಂಡಿನಲ್ಲಿದ್ದರೆ, ಹೊಡೆದವನನ್ನೂ ಅದು ಕೆಡಹಬೇಕಾಗಿತ್ತು. ೯ ಮಿಲಿಮೀಟರ್ ಪಿಸ್ತೂಲಿನ ಏಳೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ ೩೫೦ ಮೀಟರ್ ವೇಗದಲ್ಲಿ ಬಂದು ೭೦ ಕಿಲೋ ತೂಕದ ಮನುಷ್ಯನಲ್ಲಿ ನೆಟ್ಟಿತೆನ್ನಿ. ಅವನಿಗೆ ಅದರಿಂದ ಬರುವ ಚಲನೆ ಸೆಕೆಂಡಿಗೆ ಸುಮಾರು ೪ ಸೆಂಟಿಮೀಟರ್. ೪೫ರ ಗುಂಡಿಗೆ ಲೆಕ್ಕ ಹಾಕಿದರೆ ಸುಮಾರು ಐದೂವರೆ ಸೆಂಟಿಮೀಟರ್. ನಿಧಾನವಾಗಿ ನಡೆಯುವವನೂ ಸೆಕೆಂಡಿಗೆ ೧೦೦ ಸೆಂಟಿಮೀಟರ್ ಮುಂದೆ ಹೋಗುತ್ತಾನೆ. ಹಾಗಾದರೆ ಮನುಷ್ಯ ನಿಲ್ಲುವುದೇಕೆ? ಮಿದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ಪೆಟ್ಟಾದರೆ ಒಡನೆಯೆ ಬೀಳುತ್ತಾನೆ. ಹೃದಯವೋ ಹಿರಿಯ ರಕ್ತನಾಳವೋ ಹರಿದರೆ ರಕ್ತ ಸೋರಿದ ಮೇಲೆ ಬೀಳುತ್ತಾನೆ. ಅದಿಲ್ಲವಾದರೆ ನೋವಿಗೆ, ಭೀತಿಗೆ ಮನಸ್ಸು ಸೋತು ನಿಲ್ಲುತ್ತಾನೆ. ಈ ಮೂರರಲ್ಲಿ ಯಾವುದೂ ಗುಂಡಿನೊಳಗೆ ತುಂಬಿಟ್ಟ ಶಕ್ತಿಯಲ್ಲ. ಗುಂಡು ಎಲ್ಲಿ ಹೋಯಿತು, ಎಷ್ಟು ಆಳಕ್ಕೆ ಹೋಯಿತು ಎಂಬುದೇ ಮುಖ್ಯ.

ಇದಕ್ಕೆ ಕಠೋರವಾದ ಸಾಕ್ಷ್ಯ ದೊರೆತದ್ದು ೧೯೮೬ರ ಏಪ್ರಿಲ್ ೧೧ರಂದು, ಫ್ಲಾರಿಡಾದ ಮಿಯಾಮಿ ಪ್ರದೇಶದಲ್ಲಿ. ಎಫ್.ಬಿ.ಐ.ಯ ಎಂಟು ಮಂದಿ ಅಧಿಕಾರಿಗಳು ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಕಾಳಗದ ಮೊದಲ ಭಾಗದಲ್ಲಿಯೇ ಒಬ್ಬ ದರೋಡೆಕೋರನಿಗೆ ೯ ಮಿಲಿಮೀಟರಿನ ಗುಂಡು ತಗುಲಿತು. ಅದು ಅವನ ಬಲತೋಳನ್ನು ತೂರಿ, ಎದೆಯನ್ನು ಹೊಕ್ಕು, ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಯಿತು. ಕೊನೆಗೆ ಪ್ರಾಣಾಂತಿಕವಾಗಬಹುದಾದ ಗಾಯವೇ ಅದು. ಆದರೂ ಅವನು ತನ್ನ ರೈಫಲಿನಿಂದ ಹೋರಾಡುತ್ತಲೇ ಇದ್ದ. ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು, ದರೋಡೆಕೋರರಿಬ್ಬರೂ ಸತ್ತರು. ಗಾಯಗೊಂಡೂ ನಿಲ್ಲದೆ ಹೋರಾಡಿದ ಆ ಮನುಷ್ಯ ಗಡಿನಾಡಿನ ಬುಡಕಟ್ಟಿನವನಲ್ಲ, ಮೋರೋ ಅಲ್ಲ. ಅಮೆರಿಕದ ಸೈನ್ಯದಲ್ಲಿಯೇ ಸೇವೆ ಮಾಡಿದ್ದವನು. ಅವನ ರಕ್ತದಲ್ಲಿ ಮಾದಕದ್ರವ್ಯದ ಸುಳಿವೂ ಸಿಕ್ಕಲಿಲ್ಲ. ನಿಲ್ಲದಿರುವುದು ಅನಾಗರಿಕನ ಲಕ್ಷಣವೆಂಬ ಹೇಗ್ ಸಮ್ಮೇಳನದ ವಾದ ಅಲ್ಲಿ ಮಣ್ಣುಗೂಡಿತು. ಅದು ಮನುಷ್ಯದೇಹದ ಲಕ್ಷಣ, ಅಷ್ಟೆ.

ಮಿಯಾಮಿಯಿಂದ ಎಫ್.ಬಿ.ಐ. ಎರಡು ಪಾಠಗಳನ್ನು ಕಲಿಯಿತು. ಒಂದು ಸರಿ, ಇನ್ನೊಂದು ತಪ್ಪು ಎಂದು ನನ್ನ ಅಭಿಪ್ರಾಯ. ಸರಿಯಾದ ಪಾಠ, ಗುಂಡು ಎಷ್ಟು ಆಳಕ್ಕೆ ಹೋಗಬೇಕೆಂಬುದನ್ನು ಅಳತೆಗೆ ಒಳಪಡಿಸಿದ್ದು. ದೇಹದ ಮಾಂಸವನ್ನು ಹೋಲುವ ಜಿಲೆಟಿನ್ ಅಚ್ಚಿನಲ್ಲಿ, ದಪ್ಪ ಬಟ್ಟೆ, ಹಲಗೆ, ಮೋಟಾರಿನ ಗಾಜು ಮುಂತಾದ ಅಡ್ಡಿಗಳನ್ನು ದಾಟಿದ ಮೇಲೂ, ಗುಂಡು ೧೨ರಿಂದ ೧೮ ಅಂಗುಲ ಸಾಗಬೇಕೆಂದು ಗೊತ್ತುಮಾಡಿದರು. ತಪ್ಪು ಪಾಠ, ಹೆಚ್ಚಿನ ಬಲದ ೧೦ ಮಿಲಿಮೀಟರ್ ಪಿಸ್ತೂಲಿನ ಬೆನ್ನುಹತ್ತಿದ್ದು. ಅದರ ಹಿಂದೊದೆತವನ್ನು ತಾಳುವುದು ಅನೇಕರಿಗೆ ಕಷ್ಟವಾಯಿತು. ಮದ್ದಿನ ಬಲವನ್ನು ತಗ್ಗಿಸಿದರು. ತಗ್ಗಿದ ಬಲಕ್ಕೆ ಅಷ್ಟು ದೊಡ್ಡ ತೋಟಾ ಏಕೆಂದು ೧೯೯೦ರಲ್ಲಿ ೪೦ರ ತೋಟಾ ಹುಟ್ಟಿತು. ದೇಶದ ಪೊಲೀಸರಲ್ಲಿ ಬಹುಜನ ಅದರ ಹಿಂದೆ ಹೋದರು. ಕೊನೆಗೆ ೨೦೧೪ರಲ್ಲಿ ಎಫ್.ಬಿ.ಐ.ಯ ತರಬೇತಿ ವಿಭಾಗ ೯ ಮಿಲಿಮೀಟರಿನ ಪರವಾಗಿ ತನ್ನ ಕಾರಣಗಳನ್ನು ಬರೆಯಿತು: ಸುಧಾರಿಸಿದ ಗುಂಡುಗಳಿಂದಾಗಿ ಗಾಯದಲ್ಲಿ ಗಣನೀಯ ವ್ಯತ್ಯಾಸವಿಲ್ಲ, ಹಿಂದೊದೆತ ಕಡಿಮೆಯಾದ್ದರಿಂದ ಗುರಿ ಬೇಗ ಕೂಡುತ್ತದೆ, ಕಾಳಗದಲ್ಲಿ ಪೊಲೀಸರ ಗುಂಡುಗಳಲ್ಲಿ ನೂರಕ್ಕೆ ೭೦ರಿಂದ ೮೦ ಗುರಿ ತಪ್ಪುತ್ತವೆ. ಸುಮಾರು ಮೂವತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದಂತಾಯಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನೆಲವನ್ನು ಮೂರು ಬಾರಿ ಅಗೆದು ಸಮಮಾಡಿದ ಮೇಲೆ ಕಾಲಿನ ನೆನಪಾಯಿತು.

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಕೇಳಿದರೆ ಮೊದಲಿನ ಒಗಟೂ ಬಿಡಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಪೊಲೀಸರು ೧೯೯೮ರವರೆಗೆ ತಮ್ಮ ೯ ಮಿಲಿಮೀಟರ್ ಪಿಸ್ತೂಲುಗಳಲ್ಲಿ ಪೂರ್ತಿ ಕವಚದ ಗುಂಡುಗಳನ್ನು ಬಳಸುತ್ತಿದ್ದರು. ಅವು ಒಬ್ಬನ ದೇಹವನ್ನು ತೂರಿ ಆಚೆಯ ಇನ್ನೊಬ್ಬನನ್ನು ಹೊಡೆಯಬಲ್ಲವು. ೧೯೯೫ ಮತ್ತು ೧೯೯೬ರಲ್ಲಿ ಅಂಥ ಗುಂಡುಗಳಿಂದ ೧೫ ಮಂದಿ ದಾರಿಹೋಕರು ಪೆಟ್ಟು ತಿಂದರೆಂದು ಇಲಾಖೆಯೇ ಲೆಕ್ಕ ಕೊಟ್ಟಿತು. ಅವರಲ್ಲಿ ಐವರಿಗೆ ತಗುಲಿದ್ದು ಬೇರೊಬ್ಬರ ಶರೀರವನ್ನು ಹಾದುಬಂದ ಗುಂಡು, ಇಬ್ಬರಿಗೆ ವಸ್ತುಗಳನ್ನು ತೂರಿಬಂದ ಗುಂಡು. ೧೯೯೮ರಲ್ಲಿ ಇಲಾಖೆ ತುದಿಯಲ್ಲಿ ಟೊಳ್ಳಿರುವ ಗುಂಡಿಗೆ ಬದಲಾಯಿಸಿತು. ಅದು ದೇಹದೊಳಗೆ ಹಿಗ್ಗುತ್ತದೆ, ಹಿಗ್ಗಿದ್ದರಿಂದಲೇ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಈ ಬದಲಾವಣೆಯನ್ನು ಕ್ರೂರವೆಂದು ಆಕ್ಷೇಪಿಸಿದವರುಂಟು. ಅವರ ಕರುಣೆ ದೊಡ್ಡದು. ಆದರೂ ನಾನು ಇಲಾಖೆಯ ಪಕ್ಷ. ರಣರಂಗದಲ್ಲಿ ಗಾಯಗೊಂಡವನ ಯಾತನೆಯನ್ನು ಹೆಚ್ಚಿಸಬಾರದೆಂಬುದು ಹೇಗ್ ನಿಯಮದ ಉದ್ದೇಶ. ಬೀದಿಯಲ್ಲಿ ಅದರ ಜೊತೆಗೆ ಇನ್ನೊಬ್ಬನಿದ್ದಾನೆ: ಬಸ್ಸಿಗೆ ಕಾಯುತ್ತಿರುವವನು, ತರಕಾರಿ ಕೊಳ್ಳುತ್ತಿರುವವಳು. ಗುಂಡು ನಿಲ್ಲಬೇಕಾದುದು ಅವರ ಸಲುವಾಗಿ. ‘ನಿಲ್ಲಿಸುವ ಶಕ್ತಿ’ಗಿಂತ ‘ನಿಲ್ಲುವ ಗುಣ’ ದೊಡ್ಡದೆಂದು ಇಲ್ಲಿ ಕಾಣುತ್ತದೆ.

ಆದರೆ ಅದೇ ಲೆಕ್ಕದಲ್ಲಿ ಉಳಿದ ಎಂಟು ಮಂದಿಯ ಮಾತೇನು? ಅವರಿಗೆ ಗುಂಡು ನೇರವಾಗಿಯೇ ತಗುಲಿತ್ತು. ಯಾವ ಲೋಹವನ್ನು ಆರಿಸಿದರೂ ಆ ಎಂಟು ಮಂದಿಗೆ ರಕ್ಷಣೆಯಿಲ್ಲ. ರಾಂಡ್ ಸಂಸ್ಥೆ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೧೯೯೮ರಿಂದ ೨೦೦೬ರವರೆಗೆ ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ನ್ಯೂಯಾರ್ಕ್ ಪೊಲೀಸರ ಗುಂಡುಗಳಲ್ಲಿ ನೂರಕ್ಕೆ ೧೮ ಮಾತ್ರ ಗುರಿ ಮುಟ್ಟಿದವು. ೨೦೧೨ರ ಆಗಸ್ಟ್ ೨೪ರಂದು ಎಂಪೈರ್ ಸ್ಟೇಟ್ ಕಟ್ಟಡದ ಎದುರು, ಆಗತಾನೆ ಒಬ್ಬನನ್ನು ಕೊಂದು ಬಂದಿದ್ದ ಹಂತಕನ ಮೇಲೆ ಇಬ್ಬರು ಪೊಲೀಸರು ೧೬ ಗುಂಡು ಹಾರಿಸಿದರು. ಹಂತಕ ಸತ್ತ, ಒಂಬತ್ತು ಮಂದಿ ದಾರಿಹೋಕರು ಗಾಯಗೊಂಡರು. ಒಂಬತ್ತು ಮಂದಿಗೂ ತಗುಲಿದ್ದು ಪೊಲೀಸರ ಗುಂಡುಗಳು ಅಥವಾ ಅವುಗಳ ಚೂರುಗಳು. ಆ ಇಬ್ಬರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಪಿಸ್ತೂಲು ತಮ್ಮತ್ತ ತಿರುಗಿದ ಕ್ಷಣದಲ್ಲಿ ಅವರು ತೀರ್ಮಾನಿಸಬೇಕಾಗಿತ್ತು. ನಾನು ಕೇಳುವುದು ಅವರನ್ನು ಕಳುಹಿಸಿದವರನ್ನು: ವರ್ಷಕ್ಕೆ ಎಷ್ಟು ದಿನ ಅವರಿಗೆ ಅಭ್ಯಾಸ ಮಾಡಿಸಿದಿರಿ? ಹೊಸ ಪಿಸ್ತೂಲಿಗೆ ಸಲೀಸಾಗಿ ಸಿಕ್ಕುವ ಹಣ ಅಭ್ಯಾಸದ ತೋಟಾಗಳಿಗೂ ಅಷ್ಟೇ ಸಲೀಸಾಗಿ ಸಿಕ್ಕಿತೆ?

ಪೊಲೀಸನಿಗೇ ಇಷ್ಟು ಕಷ್ಟವಾದರೆ, ಮರೆಯಲ್ಲಿ ಪಿಸ್ತೂಲು ಹೊತ್ತ ಗೃಹಸ್ಥನ ಗತಿಯೇನು? ಅಡಗಬೇಕಾದ್ದರಿಂದ ಅವನ ಆಯುಧ ಚಿಕ್ಕದಾಗಿರಬೇಕು. ನಳಿಗೆ ಗಿಡ್ಡವಾದರೆ ಗುಂಡಿನ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಟೊಳ್ಳು ತುದಿಯ ಗುಂಡು ಹಿಗ್ಗದೆಯೂ ಹೋಗಬಹುದು. ತೂಕ ಕಡಿಮೆಯಾದರೆ ಹಿಂದೊದೆತ ಹೆಚ್ಚು; ಒದೆತ ಹೆಚ್ಚಾದರೆ ಅಭ್ಯಾಸದಲ್ಲಿ ಬೇಸರ. ಹೀಗೆ ಬಲವಾದ ತೋಟಾವನ್ನು ಪುಟ್ಟ ಪಿಸ್ತೂಲಿನಲ್ಲಿ ತುಂಬಿಕೊಂಡವನು, ಹಿಡಿತಕ್ಕೆ ತರಲು ಅತ್ಯಂತ ಕಷ್ಟವಾದುದನ್ನು ಅತ್ಯಂತ ಕಡಿಮೆ ಅಭ್ಯಾಸದೊಡನೆ ಹೊತ್ತು ತಿರುಗುತ್ತಾನೆ. ೧೯೧೧ರ ಸಲಿವನ್ ಕಾನೂನಿನಡಿ ನ್ಯೂಯಾರ್ಕ್ ರಾಜ್ಯ ಆಯುಧ ಹೊರುವವನಿಂದ ವಿಶೇಷ ಕಾರಣವನ್ನು ಕೇಳುತ್ತಿತ್ತು. ೨೦೨೨ರ ಜೂನ್ ೨೩ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ಕಟ್ಟಳೆಯನ್ನು ರದ್ದುಮಾಡಿತು. ಇಂದು ಅಲ್ಲಿಯ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಮರೆಯಲ್ಲಿ ಪಿಸ್ತೂಲು ಹೊರಲು ಪರವಾನಗಿಯೇ ಬೇಕಿಲ್ಲ. ಒಂಟಿಯಾಗಿ ರಾತ್ರಿಪಾಳಿ ಮುಗಿಸಿ ಬರುವ ಹೆಂಗಸು, ಬೆದರಿಕೆಗೆ ಗುರಿಯಾದ ಅಂಗಡಿಯವನು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕೆನ್ನುವುದು ತಳ್ಳಿಹಾಕುವ ಮಾತಲ್ಲ. ಆದರೆ ಹಕ್ಕನ್ನು ನ್ಯಾಯಾಲಯ ಕೊಡಬಲ್ಲದು; ಗುರಿಯನ್ನು ಕೊಡಲಾರದು. ಯಾವುದು ಅತ್ಯಂತ ಬಲವುಳ್ಳದ್ದು ಎಂದು ಅಂಗಡಿಯಲ್ಲಿ ಕೇಳುವ ಬದಲು, ಯಾವುದರ ಪ್ರತಿಯೊಂದು ಗುಂಡಿಗೂ ನಾನು ಉತ್ತರ ಹೇಳಬಲ್ಲೆ ಎಂದು ತನ್ನನ್ನು ತಾನು ಕೇಳಿಕೊಂಡವನು ಸರಿಯಾದುದನ್ನು ಆರಿಸಿಯಾನು. ಆ ಪ್ರಶ್ನೆ ಕೇಳಿಕೊಂಡವರಲ್ಲಿ ಕೆಲವರು ಆಯುಧವನ್ನು ಅಲ್ಲೇ ಬಿಟ್ಟು ಬಂದರೂ ಆಶ್ಚರ್ಯವಿಲ್ಲ.

ಮಹಾಭಾರತದ ಸೌಪ್ತಿಕಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಒಂದೇ ಅಸ್ತ್ರವನ್ನು ಬಿಟ್ಟರು. ಇಬ್ಬರ ಗುರುವೂ ದ್ರೋಣನೇ. ಅಸ್ತ್ರದ ಬಲದಲ್ಲಿ ಭೇದವಿರಲಿಲ್ಲ. ಋಷಿಗಳು ತಡೆದಾಗ ಅರ್ಜುನನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಆಗಲಿಲ್ಲ. ಅವನ ಅಸ್ತ್ರ ಹೋಗಿ ಬಿದ್ದದ್ದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ, ಆ ಜಗಳದಲ್ಲಿ ಯಾವ ಪಾಲೂ ಇಲ್ಲದ ಜೀವದ ಮೇಲೆ. ಗುಂಡನ್ನು ಹಿಂದಕ್ಕೆ ಕರೆಯುವ ಮಂತ್ರ ಇಂದು ಯಾರ ಬಳಿಯೂ ಇಲ್ಲ. ಇರುವುದು ಹಾರಿಸುವ ಮುಂಚಿನ ಸಂಯಮ ಮತ್ತು ಅಭ್ಯಾಸ ಮಾತ್ರ. ಆಯುಧವನ್ನು ಆರಿಸುವವರು, ಅವರು ಪೊಲೀಸ್ ಇಲಾಖೆಯವರಾಗಲಿ ಗೃಹಸ್ಥರಾಗಲಿ, ಮೊದಲು ತೂಗಿ ನೋಡಬೇಕಾದುದು ಅದನ್ನೇ.